ಹಾರ್ಟ್ ಕೋರ್ಟಿನ ಮೆಟ್ಟಿಲು ಹತ್ತಿದ್ದರೇ?

ಪ್ರಶ್ನೆ: ನಾನು ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ಸಂಜೆ ಹೊತ್ತು ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋಗುತ್ತೇನೆ. ಜೂರಿಸ್‌ಪ್ರುಡೆನ್ಸ್ (ಕಾನೂನಿನ ತತ್ವಶಾಸ್ತ್ರ) ಪೇಪರಿನಲ್ಲಿ ಇಂಗ್ಲೆಂಡಿನ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಗೈಡಿನಲ್ಲಿ ‘ಪ್ರಾಥಮಿಕ ಮತ್ತು ದ್ವಿತೀಯಕ ನಿಯಮಗಳ ಕೂಡಿಕೆಯೇ ಕಾನೂನು’ ಎಂದಿದೆ. ಬಾಯಿಪಾಠ ಮಾಡಿದ್ದೇನೆ, ಅರ್ಥವಾಗಿಲ್ಲ. ‘ಅದೆಲ್ಲ ಕೋರ್ಟಿನ ಮೆಟ್ಟಿಲು ಹತ್ತದ ಮೇಷ್ಟ್ರು ಬರೆದದ್ದು’ ಎನ್ನುತ್ತಾರೆ ನಮ್ಮ ಸೀನಿಯರ್. ಹಾರ್ಟ್ ನಿಜಕ್ಕೂ ವಕೀಲರಾಗಿದ್ದರೇ? ಆಕ್ಸ್‌ಫರ್ಡಿನ ಒಂದು ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು ಎಂದೂ ಓದಿದೆ. ಅವರ ಬದುಕಿನ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಸುವಿರಾ?

ಉತ್ತರ: ಹಾರ್ಟ್ ಮೆಟ್ಟಿಲು ಹತ್ತಿದವರೇ ಎಂದು ನಿಮ್ಮ ಸೀನಿಯರಿಗೆ ಧಾರಾಳವಾಗಿ ಹೇಳಿ. 1932ರಲ್ಲಿ ಲಂಡನ್ನಿನ ಮಿಡಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯ ಮೂಲಕ ಬ್ಯಾರಿಸ್ಟರ್ ಆದರು. 1940ರವರೆಗೆ, ಎಂಟು ವರ್ಷ, ಚಾನ್ಸರಿ ವಿಭಾಗದಲ್ಲಿ ವಕೀಲಿ ಮಾಡಿದರು, ಅದೂ ಚೆನ್ನಾಗಿ ನಡೆಯುತ್ತಿದ್ದ ವಕೀಲಿ. ನಮ್ಮ ಗೈಡುಗಳು ಈ ಎಂಟು ವರ್ಷವನ್ನು ಹಾರಿಸಿ ನೇರ ಆಕ್ಸ್‌ಫರ್ಡಿಗೆ ಬಂದುಬಿಡುತ್ತವೆ. ನಾನು ಕೆಲಕಾಲ ಸಿವಿಲ್ ಕೋರ್ಟುಗಳಲ್ಲಿ ಓಡಾಡಿ ಆಮೇಲೆ ಪಾಠಕ್ಕೆ ಬಂದವನು. ಹಾರ್ಟ್ ಸಿದ್ಧಾಂತದ ಬೇರು ಆ ಎಂಟು ವರ್ಷದಲ್ಲೇ ಇದೆ ಎಂಬುದು ಪಾಠ ಹೇಳುತ್ತ ಹೇಳುತ್ತ ನನಗೆ ಗಟ್ಟಿಯಾದ ನಂಬಿಕೆ. ಆದ್ದರಿಂದ ನಿಮ್ಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡದೆ ಒಟ್ಟಿಗೇ ಉತ್ತರಿಸುತ್ತೇನೆ.

ಹರ್ಬರ್ಟ್ ಲಯನೆಲ್ ಅಡಾಲ್ಫಸ್ ಹಾರ್ಟ್ ಹುಟ್ಟಿದ್ದು 1907ರ ಜುಲೈ 18ರಂದು, ಉತ್ತರ ಇಂಗ್ಲೆಂಡಿನ ಹ್ಯಾರೊಗೇಟ್ ಎಂಬ ಊರಿನಲ್ಲಿ. ಅಲ್ಲಿನ ಖನಿಜದ ನೀರಿಗಾಗಿ ಶ್ರೀಮಂತರು ಆರೋಗ್ಯ ಸುಧಾರಿಸಿಕೊಳ್ಳಲು ಬರುತ್ತಿದ್ದ ಊರು ಅದು. ಜರ್ಮನಿ, ಪೋಲೆಂಡ್ ಕಡೆಯ ಮೂಲದ ಯಹೂದಿ ಮನೆತನ. ಹೊಲಿಗೆ ಮತ್ತು ತುಪ್ಪಳದ ಉಡುಪಿನ ವ್ಯಾಪಾರ. ಹುಡುಗನನ್ನು ಚೆಲ್ಟನ್‌ಹ್ಯಾಮಿನ ವಸತಿಶಾಲೆಗೆ ಕಳಿಸಿದರು, ಅಲ್ಲಿ ಅವನಿಗೆ ಹಿಡಿಸಲಿಲ್ಲ. ಬ್ರ್ಯಾಡ್‌ಫರ್ಡ್ ಗ್ರಾಮರ್ ಸ್ಕೂಲಿಗೆ ಬಂದ ಮೇಲೆ ಓದು ಚಿಗುರಿತು. ಅಲ್ಲಿಂದ ಆಕ್ಸ್‌ಫರ್ಡಿನ ನ್ಯೂ ಕಾಲೇಜ್. ಓದಿದ್ದು ಕಾನೂನಲ್ಲ, ಗ್ರೀಕ್, ಲ್ಯಾಟಿನ್, ಪ್ರಾಚೀನ ಇತಿಹಾಸ ಮತ್ತು ತತ್ವಶಾಸ್ತ್ರ. 1929ರಲ್ಲಿ ಪ್ರಥಮ ದರ್ಜೆ ಬಂತು. ಇಪ್ಪತ್ತನೇ ಶತಮಾನದ ಅತಿ ಪ್ರಭಾವಿ ಕಾನೂನು ಚಿಂತಕರಲ್ಲಿ ಒಬ್ಬರ ಹತ್ತಿರ ಕಾನೂನಿನ ಪದವಿಯೇ ಇರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಬಾರ್ ಪರೀಕ್ಷೆ ಪಾಸಾದರೆ ಸಾಕಿತ್ತು.

ಚಾನ್ಸರಿ ವಿಭಾಗ ಅಂದರೆ ಏನೆಂದು ಇಲ್ಲಿ ನಿಂತು ನೋಡಬೇಕು. ಅಲ್ಲಿ ಕೊಲೆ, ಕಳ್ಳತನ, ಪಾಟಿಸವಾಲಿನ ಅಬ್ಬರ ಇಲ್ಲ. ಟ್ರಸ್ಟು, ಉಯಿಲು, ಕುಟುಂಬದ ಆಸ್ತಿ, ಅದರ ಮೇಲಿನ ತೆರಿಗೆ, ಇಂಥವು. ಕಕ್ಷಿದಾರ ಬಂದು ‘ನಾನು ಸತ್ತ ಮೇಲೆ ಈ ಮನೆ ಮಗಳಿಗೆ ಸೇರಬೇಕು, ಆದರೆ ಹೆಂಡತಿ ಬದುಕಿರುವವರೆಗೆ ಅವಳೇ ಅದರಲ್ಲಿ ಇರಬೇಕು’ ಎಂದರೆ ಆ ಆಸೆಯನ್ನು ಕಾನೂನು ಒಪ್ಪುವ ಭಾಷೆಯಲ್ಲಿ ಕಾಗದಕ್ಕೆ ಇಳಿಸಬೇಕು. ದಸ್ತಾವೇಜಿನಲ್ಲಿ ಒಂದು ಪದ ತಪ್ಪಿದರೆ ನಲವತ್ತು ವರ್ಷದ ನಂತರ ಮೊಮ್ಮಕ್ಕಳು ದಾವೆ ಹೂಡುತ್ತಾರೆ. ಹಾರ್ಟ್ ದಿನಬೆಳಗಾದರೆ ಮಾಡುತ್ತಿದ್ದುದು ಈ ಕೆಲಸ.

ಈಗ ನಿಮ್ಮ ಪಠ್ಯದಲ್ಲಿ ಹಾರ್ಟ್‌ಗಿಂತ ಮೊದಲು ಬರುವ ಜಾನ್ ಆಸ್ಟಿನ್ನರನ್ನು ನೆನಪಿಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದ ಆಸ್ಟಿನ್ ಹೇಳಿದ್ದು: ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಮೀರಿದರೆ ಶಿಕ್ಷೆ. ಅಪರಾಧ ಕಾಯ್ದೆಯ ಮಟ್ಟಿಗೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಉಯಿಲು ಬರೆಸಿದವರಿಗೆ ಇದು ಹೊಂದುವುದಿಲ್ಲ ಎಂದು ಕೂಡಲೇ ಗೊತ್ತಾಗುತ್ತದೆ. ನಾನು ಜೂನಿಯರ್ ಆಗಿದ್ದಾಗ ಒಂದು ಉಯಿಲು ನಮ್ಮ ಮೇಜಿಗೆ ಬಂತು. ಅಜ್ಜ ನೀಲಿ ಇಂಕಿನಲ್ಲಿ ಪ್ರತಿ ಪುಟದ ಕೆಳಗೂ ಸಹಿ ಮಾಡಿದ್ದರು, ಅಕ್ಷರ ದುಂಡಗೆ, ಒಂದೇ ಒಂದು ಚಿತ್ತು ಇಲ್ಲ. ಸಾಕ್ಷಿ ಎಂದು ಬರೆದ ಕಡೆ ಒಂದೇ ಸಹಿ. ಎರಡನೆಯ ಸಾಲು ಖಾಲಿ. ನಮ್ಮ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅಜ್ಜ ತೀರಿಕೊಂಡಿದ್ದರು. ಪೊಲೀಸರು ಬರಲಿಲ್ಲ, ಯಾರಿಗೂ ದಂಡ ಬೀಳಲಿಲ್ಲ. ಅಜ್ಜ ಯಾವ ಆಜ್ಞೆಯನ್ನೂ ಮೀರಿರಲಿಲ್ಲ. ಆ ಕಾಗದ ಉಯಿಲಾಗಲಿಲ್ಲ, ಅಷ್ಟೇ.

ಹಾರ್ಟ್ ಹಿಡಿದದ್ದು ಸರಿಯಾಗಿ ಇದನ್ನೇ. ಕಾನೂನಿನ ದೊಡ್ಡ ಭಾಗ ‘ಹೀಗೆ ಮಾಡು, ಇಲ್ಲದಿದ್ದರೆ ಒಳಗೆ ಹಾಕುತ್ತೇನೆ’ ಎನ್ನುವುದಿಲ್ಲ. ‘ನಿನಗೆ ಮದುವೆಯಾಗಬೇಕೇ, ಕರಾರು ಮಾಡಬೇಕೇ, ಆಸ್ತಿ ಬರೆದುಕೊಡಬೇಕೇ, ಹೀಗೆ ಮಾಡಿದರೆ ಅದು ನಡೆಯುತ್ತದೆ’ ಎನ್ನುತ್ತದೆ. ಜನರ ಕೈಗೆ ಅಧಿಕಾರ ಕೊಡುವ ನಿಯಮಗಳು ಇವು. ಶಾಸನಸಭೆ ಕಾಯ್ದೆ ಮಾಡುವುದು, ನ್ಯಾಯಾಧೀಶರು ತೀರ್ಪು ಕೊಡುವುದು ಸಹ ಇಂಥ ಅಧಿಕಾರದಿಂದಲೇ. ಕೆಲಸವನ್ನು ಮಾಡು ಅಥವಾ ಮಾಡಬೇಡ ಎನ್ನುವುದು ಪ್ರಾಥಮಿಕ ನಿಯಮ. ಆ ನಿಯಮಗಳನ್ನು ಗುರುತಿಸುವುದು, ಬದಲಿಸುವುದು, ವ್ಯಾಜ್ಯ ತೀರಿಸುವುದು ಹೇಗೆ ಎಂದು ಹೇಳುವುದು ದ್ವಿತೀಯಕ ನಿಯಮ. ನಿಮ್ಮ ಗೈಡಿನ ಆ ಒಂದು ಸಾಲಿನ ಹಿಂದೆ ಇರುವುದು ಇಷ್ಟು. ಚಾನ್ಸರಿಯಲ್ಲಿ ಎಂಟು ವರ್ಷ ಟ್ರಸ್ಟ್ ಡೀಡುಗಳ ನಡುವೆ ಕೂತವರಿಗೆ ಹೊಳೆಯುವ ಮಾತು ಇದು ಎಂದು ನನಗೆ ಅನಿಸುತ್ತದೆ.

ಯುದ್ಧ ಬಂದಾಗ ಹಾರ್ಟ್ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5 ಸೇರಿ ಶತ್ರು ಗೂಢಚಾರರನ್ನು ಪತ್ತೆಹಚ್ಚುವ ವಿಭಾಗದಲ್ಲಿದ್ದರು. 1941ರಲ್ಲಿ ಜೆನಿಫರ್ ವಿಲಿಯಮ್ಸ್ ಅವರನ್ನು ಮದುವೆಯಾದರು. ಆಕೆ ಆಗ ಗೃಹ ಇಲಾಖೆಯ ಹಿರಿಯ ಅಧಿಕಾರಿ, ಆಮೇಲೆ ಆಕ್ಸ್‌ಫರ್ಡಿನ ಸೇಂಟ್ ಆ್ಯನ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸಿದರು. ಯುದ್ಧಕಾಲದ ಕಚೇರಿಯಲ್ಲೇ ಹಾರ್ಟ್‌ಗೆ ಆಕ್ಸ್‌ಫರ್ಡಿನ ತತ್ವಜ್ಞಾನಿಗಳ ಸಹವಾಸ ಮತ್ತೆ ಒದಗಿತು. ಯುದ್ಧ ಮುಗಿದಾಗ ಹಳೆಯ ಕಾಲೇಜೇ ತತ್ವಶಾಸ್ತ್ರ ಕಲಿಸಲು ಕರೆಯಿತು. ಕೈತುಂಬ ಗಳಿಕೆಯ ವಕೀಲಿ ಬಿಟ್ಟು 1945ರಲ್ಲಿ ಅಲ್ಲಿಗೆ ಹೋದರು.

ಅಲ್ಲಿ ಇನ್ನೊಬ್ಬ ಆಸ್ಟಿನ್ ಸಿಗುತ್ತಾರೆ. ಪರೀಕ್ಷೆಯಲ್ಲಿ ಪ್ರತಿ ವರ್ಷ ಕೆಲವರು ಇಬ್ಬರನ್ನೂ ಕಲಸುತ್ತಾರೆ, ಆದ್ದರಿಂದ ನೆನಪಿಟ್ಟುಕೊಳ್ಳಿ. ಆಜ್ಞೆಯ ಸಿದ್ಧಾಂತದ ಜಾನ್ ಆಸ್ಟಿನ್ 1859ರಲ್ಲೇ ತೀರಿಕೊಂಡವರು. ಹಾರ್ಟ್ ಗೆಳೆಯ ಜೆ.ಎಲ್. ಆಸ್ಟಿನ್ ಬೇರೆ, ದಿನಬಳಕೆಯ ಮಾತನ್ನು ಸೂಕ್ಷ್ಮವಾಗಿ ಗಮನಿಸಿದರೆ ತತ್ವಶಾಸ್ತ್ರದ ಎಷ್ಟೋ ಗಂಟುಗಳು ಬಿಡುತ್ತವೆ ಎಂದು ನಂಬಿದ್ದವರು. ಅವರ ಶನಿವಾರ ಬೆಳಗಿನ ಚರ್ಚೆಗಳಲ್ಲಿ ಹಾರ್ಟ್ ಕೂರುತ್ತಿದ್ದರು.

ಆ ಪದ್ಧತಿಯ ರುಚಿ ಕನ್ನಡದಲ್ಲೇ ತೋರಿಸುತ್ತೇನೆ. ದಾರಿಯಲ್ಲಿ ಒಬ್ಬ ಪಿಸ್ತೂಲು ಹಿಡಿದು ದುಡ್ಡು ಕೇಳಿದ, ಕೊಟ್ಟಿರಿ. ಮನೆಗೆ ಬಂದು ‘ಏನು ಮಾಡಲಿ, ಕೊಡಬೇಕಾಗಿ ಬಂತು’ ಎನ್ನುತ್ತೀರಿ. ‘ಕೊಡುವುದು ನನ್ನ ಹೊಣೆಯಾಗಿತ್ತು’ ಎಂದು ಯಾರೂ ಹೇಳುವುದಿಲ್ಲ. ಅದೇ ಅಂಗಡಿಯ ಸಾಲ ತೀರಿಸುವಾಗ ‘ಹೊಣೆ’ ಎಂಬ ಮಾತು ತಾನಾಗಿ ಬರುತ್ತದೆ, ಅಂಗಡಿಯವರು ಕೇಳದೆ ಸುಮ್ಮನಿದ್ದರೂ. ‘ಬೇಕಾಗಿ ಬಂತು’ ಎನ್ನುವುದಕ್ಕೂ ‘ಹೊಣೆ’ ಎನ್ನುವುದಕ್ಕೂ ನಡುವೆ ಇರುವ ಈ ಅಂತರವನ್ನು ಆಜ್ಞೆಯ ಸಿದ್ಧಾಂತ ನುಂಗಿಹಾಕುತ್ತದೆ. ಜಾನ್ ಆಸ್ಟಿನ್ನರ ಸಾರ್ವಭೌಮ ಪಿಸ್ತೂಲು ಹಿಡಿದವನ ದೊಡ್ಡ ರೂಪವಾಗಿಬಿಡುತ್ತಾನೆ ಎಂದು ಹಾರ್ಟ್ ತೋರಿಸಿದರು.

ಟ್ರಾಫಿಕ್ ಸಿಗ್ನಲ್ಲಿನ ಉದಾಹರಣೆಯೂ ಅವರದೇ. ಹೊರಗಿನಿಂದ ಸುಮ್ಮನೆ ನೋಡುತ್ತ ನಿಂತವನಿಗೆ ಕೆಂಪು ದೀಪವೆಂದರೆ ಗಾಡಿಗಳು ನಿಲ್ಲುವ ಸಂಭವದ ಗುರುತು, ಮೋಡ ಮಳೆಯ ಗುರುತಾದ ಹಾಗೆ. ಗಾಡಿ ಓಡಿಸುವವನಿಗೆ ಅದು ನಿಲ್ಲಬೇಕು ಎನ್ನುವುದಕ್ಕೆ ಕಾರಣ. ಯಾರಾದರೂ ನಿಲ್ಲಿಸದೆ ನುಗ್ಗಿದರೆ ಅವನು ಬೈಯುತ್ತಾನೆ, ಬೈಯುವುದು ನ್ಯಾಯ ಎಂದೂ ತಿಳಿಯುತ್ತಾನೆ. ಹಾರ್ಟ್ ಇದನ್ನು ಒಳಗಿನ ನೋಟ ಎಂದು ಕರೆದರು. ಕಾನೂನನ್ನು ಅರ್ಥ ಮಾಡಿಕೊಳ್ಳಲು ಅದನ್ನು ಬಳಸುವವರ ಒಳಗಿನ ನೋಟ ಬೇಕು ಎಂಬುದೇ ಅವರ ಇಡೀ ಕೆಲಸದ ತಿರುಳು ಎಂದು ನಾನು ಪಾಠದಲ್ಲಿ ಹೇಳುತ್ತೇನೆ.

1952ರಲ್ಲಿ ಆಕ್ಸ್‌ಫರ್ಡಿನ ಜೂರಿಸ್‌ಪ್ರುಡೆನ್ಸ್ ಪೀಠ ಅವರಿಗೆ ಸಿಕ್ಕಿತು. 1961ರಲ್ಲಿ ‘ದಿ ಕಾನ್ಸೆಪ್ಟ್ ಆಫ್ ಲಾ’ ಬಂತು, ಮೂಲತಃ ಪದವಿ ವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಕ. ಅದರಲ್ಲಿ ಪಠ್ಯಕ್ಕೆ ಅತಿ ಮುಖ್ಯವಾದದ್ದು ‘ರೂಲ್ ಆಫ್ ರೆಕಗ್ನಿಷನ್’, ಅಂದರೆ ಇಂಥದು ಕಾನೂನು ಎಂದು ಗುರುತಿಸುವ ನಿಯಮ. ಅದು ಎಲ್ಲೂ ಬರೆದಿರಬೇಕಿಲ್ಲ; ನ್ಯಾಯಾಧೀಶರು, ಅಧಿಕಾರಿಗಳು ನಿತ್ಯ ನಡೆದುಕೊಳ್ಳುವ ರೀತಿಯಲ್ಲಿ ಅದು ಇರುತ್ತದೆ. ನಮ್ಮಲ್ಲಿಯೇ ನೋಡಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದಿನಿಂದ ಸಂವಿಧಾನ ತಿದ್ದುಪಡಿಯೊಂದು ಬಂದರೆ 368ನೇ ವಿಧಿಯ ಕ್ರಮ ಪಾಲಿಸಿದೆಯೇ ಎಂದಷ್ಟೇ ಕೇಳಿ ಬಿಡುವುದಿಲ್ಲ, ಮೂಲಸ್ವರೂಪಕ್ಕೆ ಧಕ್ಕೆ ಇದೆಯೇ ಎಂದೂ ನ್ಯಾಯಾಲಯ ನೋಡುತ್ತದೆ. ಸಂವಿಧಾನದಲ್ಲಿ ‘ಮೂಲಸ್ವರೂಪ’ ಎಂಬ ಪದವೇ ಇಲ್ಲ. ಆದರೂ ಇವತ್ತು ಅದನ್ನು ಬಿಟ್ಟು ಯಾವ ತಿದ್ದುಪಡಿಯನ್ನೂ ಅಳೆಯುವಂತಿಲ್ಲ. ಗುರುತಿಸುವ ನಿಯಮ ಆಚರಣೆಯಲ್ಲಿ ಬೆಳೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಪರೀಕ್ಷೆಯಲ್ಲಿ ಬರೆಯಿರಿ.

ಹಾರ್ಟ್ ತೊಡಗಿದ ಎರಡು ದೊಡ್ಡ ವಾದಗಳಿವೆ. ಮೊದಲನೆಯದು ಅಮೆರಿಕದ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಲಾನ್ ಫುಲರ್ ಜೊತೆ. 1957ರಲ್ಲಿ ಹಾರ್ಟ್ ಹಾರ್ವರ್ಡಿನಲ್ಲಿ ಉಪನ್ಯಾಸ ಕೊಟ್ಟಾಗ ಫುಲರ್ ಸಭೆಯಲ್ಲೇ ಇದ್ದರು. ಇಬ್ಬರ ಲೇಖನಗಳೂ 1958ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಒಟ್ಟಿಗೆ ಬಂದವು. ಪ್ರಶ್ನೆ ನಾಜಿ ಕಾನೂನಿನದು. 1944ರಲ್ಲಿ ಒಬ್ಬ ಜರ್ಮನ್ ಹೆಂಗಸು, ರಜೆಯಲ್ಲಿ ಮನೆಗೆ ಬಂದ ಸೈನಿಕ ಗಂಡ ಹಿಟ್ಲರನನ್ನು ಬೈದನೆಂದು ದೂರು ಕೊಟ್ಟಳು. ಅವನನ್ನು ತೊಲಗಿಸಿಕೊಳ್ಳುವುದು ಅವಳಿಗೆ ಬೇಕಿತ್ತು. ಯುದ್ಧದ ನಂತರ ಅವಳ ಮೇಲೆ ಮೊಕದ್ದಮೆ ನಡೆಯಿತು. ಅವಳು ‘ಅಂದಿನ ಕಾನೂನು ಹೇಳಿದ್ದನ್ನೇ ಮಾಡಿದೆ’ ಎಂದಳು. ಅಂಥ ಕಾನೂನು ಕಾನೂನೇ ಅಲ್ಲ ಎಂಬ ಉತ್ತರ ಎಷ್ಟೋ ಜನರಿಗೆ ಸಮಾಧಾನ ತಂದಿತು. ಹಾರ್ಟ್‌ಗೆ ತರಲಿಲ್ಲ. ಅದು ಕಾನೂನೇ ಆಗಿತ್ತು, ಆದರೆ ಪಾಲಿಸಲಾಗದಷ್ಟು ಕೆಟ್ಟದಾಗಿತ್ತು ಎಂದು ನೇರವಾಗಿ ಹೇಳಬೇಕು ಎಂದರು. ಅವಳನ್ನು ಶಿಕ್ಷಿಸಬೇಕೆಂದಿದ್ದರೆ ಹಿಂದಿನಿಂದ ಜಾರಿಯಾಗುವ ಕಾಯ್ದೆಯನ್ನು ಬಹಿರಂಗವಾಗಿ ತರಬೇಕು. ಹಾಗೆ ಮಾಡುವುದರಲ್ಲೂ ಒಂದು ಕೆಡುಕಿದೆ, ಅದನ್ನು ಮುಚ್ಚಿಡಬಾರದು.

ಇದನ್ನು ಓದಿ ಹಾರ್ಟ್ ನಾಜಿಗಳ ಬಗ್ಗೆ ಮೆತ್ತಗಿದ್ದರು ಎಂದು ತಿಳಿಯುವವರಿದ್ದಾರೆ. ಇಲ್ಲಿಯೇ ಬದುಕು ತಿಳಿದಿರಬೇಕಾದ್ದು. ಅವರು ಯಹೂದಿ ಮನೆಯ ಮಗ. ಯುದ್ಧದ ವರ್ಷಗಳನ್ನು ಜರ್ಮನ್ ಗೂಢಚಾರರ ಬೆನ್ನಟ್ಟುವುದರಲ್ಲಿ ಕಳೆದವರು. ಕೆಟ್ಟ ಕಾನೂನು ಕಾನೂನಲ್ಲ ಎಂದು ಹೇಳಿ ಕೈತೊಳೆದುಕೊಂಡರೆ, ಮುಂದೆ ಕಾನೂನು ಎಂದು ಮುದ್ರೆ ಬಿದ್ದದ್ದೆಲ್ಲ ಪಾಲಿಸತಕ್ಕದ್ದೇ ಎಂಬ ಭ್ರಮೆ ಹುಟ್ಟುತ್ತದೆ ಎನ್ನುವುದು ಅವರ ಭಯ. ‘ಇದು ಕಾನೂನು ಹೌದು, ನಾನು ಪಾಲಿಸಬೇಕೇ?’ ಎಂಬ ಎರಡನೇ ಪ್ರಶ್ನೆ ಪ್ರತಿಯೊಬ್ಬನಿಗೂ ಉಳಿದಿರಬೇಕು. ಈ ವಿಷಯದಲ್ಲಿ ನಾನು ಹಾರ್ಟ್ ಪಕ್ಷ.

ಎರಡನೆಯ ವಾದ ಇನ್ನೂ ಹತ್ತಿರದ್ದು. ವಯಸ್ಕರ ನಡುವಿನ ಖಾಸಗಿ ಸಲಿಂಗ ಸಂಬಂಧ ಅಪರಾಧವಾಗಿರಬಾರದು ಎಂದು ಇಂಗ್ಲೆಂಡಿನ ವುಲ್ಫೆಂಡೆನ್ ಸಮಿತಿ 1957ರಲ್ಲಿ ವರದಿ ಕೊಟ್ಟಿತು. ಸಮಾಜದ ನೈತಿಕತೆ ಕಳಚಿದರೆ ಸಮಾಜವೇ ಕಳಚುತ್ತದೆ, ಆದ್ದರಿಂದ ಕಾನೂನು ಅದನ್ನು ಕಾಯಬಹುದು ಎಂದು ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್ 1959ರಲ್ಲಿ ವಾದಿಸಿದರು. ಹಾರ್ಟ್ ಮೊದಲು ರೇಡಿಯೋದಲ್ಲಿ, ಆಮೇಲೆ 1963ರ ಪುಸ್ತಕದಲ್ಲಿ ಉತ್ತರ ಕೊಟ್ಟರು. ಬಹುಜನರಿಗೆ ಅಸಹ್ಯವೆನಿಸಿತು ಎಂಬುದು ಒಬ್ಬನನ್ನು ಜೈಲಿಗೆ ಕಳಿಸಲು ಸಾಕಾಗುವ ಕಾರಣವಲ್ಲ. ಶಿಕ್ಷೆ ಎಂದರೆ ನಿಜವಾದ ನೋವು, ಅದಕ್ಕೆ ನಿಜವಾದ ಹಾನಿ ತೋರಿಸಬೇಕು. ತನ್ನ ಲೈಂಗಿಕ ಒಲವಿನ ಬಗ್ಗೆ ಹಾರ್ಟ್ ಒಳಗೊಳಗೇ ಅನುಭವಿಸಿದ ಸಂಕಟ ಅವರ ಕಾಲಾನಂತರ ಡೈರಿ, ಪತ್ರಗಳಿಂದ ಬೆಳಕಿಗೆ ಬಂತು. ಪುಸ್ತಕದಲ್ಲಿ ಅದರ ಸುಳಿವೂ ಇಲ್ಲ. ಗೊತ್ತಾದ ಮೇಲೆ ಆ ಪುಟಗಳನ್ನು ಮೊದಲಿನ ಹಾಗೆ ಓದಲು ನನಗೆ ಆಗಲಿಲ್ಲ. ಇಂಗ್ಲೆಂಡ್ 1967ರಲ್ಲಿ ಕಾನೂನು ಬದಲಿಸಿತು. ಇಂಗ್ಲಿಷರು 1860ರಲ್ಲಿ ನಮಗೆ ಬರೆದುಕೊಟ್ಟ ದಂಡ ಸಂಹಿತೆಯ 377ನೇ ಕಲಮು ಇಲ್ಲಿ 2018ರ ಸೆಪ್ಟೆಂಬರ್ 6ರವರೆಗೆ, ನವತೇಜ್ ಸಿಂಗ್ ಜೋಹರ್ ತೀರ್ಪಿನವರೆಗೆ, ವಯಸ್ಕರ ಒಪ್ಪಿತ ಸಂಬಂಧದ ಮೇಲೂ ತೂಗುತ್ತಿತ್ತು.

ಇನ್ನು ಪ್ರಿನ್ಸಿಪಾಲಗಿರಿ. ನಮ್ಮ ಕಾಲೇಜುಗಳ ಪ್ರಿನ್ಸಿಪಾಲರನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾರಿ ತಪ್ಪುತ್ತದೆ. ಆಕ್ಸ್‌ಫರ್ಡಿನಲ್ಲಿ ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು. ವಾಸ, ಊಟ, ವಾರವಾರದ ಟ್ಯುಟೋರಿಯಲ್ ಕಾಲೇಜಿನದು. ಪ್ರತಿ ಕಾಲೇಜೂ ತನ್ನದೇ ಆಸ್ತಿ, ತನ್ನದೇ ಆಡಳಿತ ಇರುವ ಸ್ವತಂತ್ರ ಸಂಸ್ಥೆ. ಮುಖ್ಯಸ್ಥರನ್ನು ಅಲ್ಲಿನ ಫೆಲೋಗಳೇ, ಅಂದರೆ ಕಾಲೇಜಿನ ಅಧ್ಯಾಪಕ ಸದಸ್ಯರೇ, ಆರಿಸುತ್ತಾರೆ. ಹೆಸರೂ ಒಂದೊಂದು ಕಡೆ ಒಂದೊಂದು: ನ್ಯೂ ಕಾಲೇಜಿನಲ್ಲಿ ವಾರ್ಡನ್, ಯೂನಿವರ್ಸಿಟಿ ಕಾಲೇಜಿನಲ್ಲಿ ಮಾಸ್ಟರ್, ಬ್ರೇಸ್‌ನೋಸಿನಲ್ಲಿ ಪ್ರಿನ್ಸಿಪಾಲ್. ಹಾರ್ಟ್ 1973ರಿಂದ 1978ರವರೆಗೆ ಇದ್ದದ್ದು ಈ ಬ್ರೇಸ್‌ನೋಸಿನಲ್ಲಿ. 1509ರಲ್ಲಿ ಸ್ಥಾಪನೆಯಾದ ಕಾಲೇಜು ಅದು; ಹೆಸರು ಬಂದದ್ದು ಹಳೆಯ ಹಿತ್ತಾಳೆಯ ಮೂಗಿನಿಂದ. ಬಾಗಿಲು ತಟ್ಟಲು ಇದ್ದ ಆ ಮೂಗಿನ ಬಳೆ ಈಗ ಊಟದ ಹಾಲಿನಲ್ಲಿ, ಮುಖ್ಯಸ್ಥರೂ ಫೆಲೋಗಳೂ ಕೂರುವ ಎತ್ತರದ ಮೇಜಿನ ಮೇಲ್ಗಡೆ ಗೋಡೆಯಲ್ಲಿದೆ.

ಹಾರ್ಟ್ ಆ ಹೊತ್ತಿಗೆ ಪೀಠ ಬಿಟ್ಟು ಐದು ವರ್ಷವಾಗಿತ್ತು. ಹಿಂದಿನ ಕಾಲದ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಾಮನ ಹಸ್ತಪ್ರತಿಗಳ ಸಂಪಾದನೆಯಲ್ಲಿ ಮುಳುಗಿದ್ದರು. ಬ್ರಿಟನ್ನಿನ ಏಕಸ್ವಾಮ್ಯ ಆಯೋಗದ ಸದಸ್ಯರಾಗಿದ್ದರು. ವಿದ್ಯಾರ್ಥಿ ಚಳವಳಿಗಳ ಬಿಸಿಯಲ್ಲಿ, ವಿದ್ಯಾರ್ಥಿಗಳ ಜೊತೆ ವಿಶ್ವವಿದ್ಯಾಲಯದ ಸಂಬಂಧ ಹೇಗಿರಬೇಕು ಎಂದು ನೋಡಲು ಆಕ್ಸ್‌ಫರ್ಡ್ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿ 1969ರಲ್ಲಿ ವರದಿ ಕೊಟ್ಟಿದ್ದರು. ಬ್ರೇಸ್‌ನೋಸಿನ ಅವಧಿಯಲ್ಲಿ ನಡೆದ ದೊಡ್ಡ ಸಂಗತಿ 1974ರದ್ದು. ಆ ವರ್ಷ ಗಂಡಸರ ಐದು ಕಾಲೇಜುಗಳು ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡವು, ಬ್ರೇಸ್‌ನೋಸ್ ಅದರಲ್ಲೊಂದು. ಅದಕ್ಕೆ ಮುಂಚೆ 465 ವರ್ಷ ಆ ಕಾಲೇಜಿಗೆ ವಿದ್ಯಾರ್ಥಿನಿಯೇ ಸೇರಿರಲಿಲ್ಲ.

ಕೊನೆಯ ವರ್ಷಗಳು ಸುಲಭದ್ದಲ್ಲ. ಜೆನಿಫರ್ ಯೌವನದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು. 1983ರಲ್ಲಿ ಅದು ಪತ್ರಿಕೆಗಳಲ್ಲಿ ಗೂಢಚರ್ಯೆಯ ಸಂಶಯವಾಗಿ ಬೆಳೆದು, ಗಂಡನ ಎಂಐ5 ಕೆಲಸಕ್ಕೂ ತಳಕು ಹಾಕಿಕೊಂಡಿತು. ಇಬ್ಬರೂ ಬಲವಾಗಿ ನಿರಾಕರಿಸಿದರು. ಎಪ್ಪತ್ತಾರರ ಹಾರ್ಟ್ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡು ಮತ್ತೆ ಮೇಜಿಗೆ ಬಂದರು. ಮೇಜಿನ ಮೇಲಿದ್ದದ್ದು ಒಂದು ಹಳೆಯ ಬಾಕಿ: ಅಮೆರಿಕದ ಕಾನೂನು ಚಿಂತಕ ರೊನಾಲ್ಡ್ ಡ್ವಾರ್ಕಿನ್‌ಗೆ ಉತ್ತರ. ಡ್ವಾರ್ಕಿನ್ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಉತ್ತರಪತ್ರಿಕೆ ತಿದ್ದಿದವರಲ್ಲಿ ಹಾರ್ಟ್ ಒಬ್ಬರು. ಬೆರಗಾಗಿದ್ದರು. ತಾನು ಬಿಟ್ಟ ಪೀಠಕ್ಕೆ ಅದೇ ಹುಡುಗ ಬರಲಿ ಎಂದು ಬಯಸಿದರು, ಬಂದರು ಕೂಡ. ಆ ಹುಡುಗನೇ ಅವರ ಅತಿ ಕಠಿಣ ವಿಮರ್ಶಕನಾದ. 1992ರ ಡಿಸೆಂಬರ್ 19ರಂದು ಹಾರ್ಟ್ ತೀರಿಕೊಂಡಾಗ ಉತ್ತರ ಇನ್ನೂ ಮುಗಿದಿರಲಿಲ್ಲ. 1994ರಲ್ಲಿ ‘ದಿ ಕಾನ್ಸೆಪ್ಟ್ ಆಫ್ ಲಾ’ ಪುಸ್ತಕದ ಎರಡನೇ ಆವೃತ್ತಿಯ ಕೊನೆಗೆ ಅನುಬಂಧವಾಗಿ, ಅಪೂರ್ಣವಾಗಿಯೇ ಬಂತು.

ನಿಮ್ಮ ಸೀನಿಯರ್ ಮಾತಿನಲ್ಲಿ ಒಂದು ಅಂಶ ನಿಜ, ಅದನ್ನೂ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ ಕೇಸುಗಳು ತೀರಾ ಕಡಿಮೆ. ತನ್ನದು ಸಮಾಜದ ವಿವರಣೆಯೂ ಹೌದು ಎಂದು ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತಾರೆ, ಆದರೆ ಕೋರ್ಟು ಹಾಲಿನಲ್ಲಿ ನಿಂತ ಬಡ ಕಕ್ಷಿದಾರನಿಗೆ ಕಾನೂನು ಹೇಗೆ ಕಾಣುತ್ತದೆ ಎಂದು ಕೇಳುವುದಿಲ್ಲ. ವಕೀಲರ, ನ್ಯಾಯಾಧೀಶರ ಒಳಗಿನ ನೋಟ ಅವರಿಗೆ ಸಿಕ್ಕಿತು; ದಾವೆಯ ಖರ್ಚಿಗೆ ಹೆದರಿ ಹೊರಗೇ ನಿಂತವರ ನೋಟ ಸಿಗಲಿಲ್ಲ. ಚಾನ್ಸರಿಗೆ ಬರುತ್ತಿದ್ದವರು ಆಸ್ತಿ ಇದ್ದವರೇ ತಾನೆ.

ಓದುವ ಕ್ರಮ ಹೇಳುತ್ತೇನೆ. ಐದನೇ ಅಧ್ಯಾಯದಿಂದ ಶುರು ಮಾಡಬೇಡಿ, ಗೈಡುಗಳು ಅಲ್ಲಿಂದ ಎತ್ತಿಕೊಂಡಿದ್ದಕ್ಕೇ ನಿಮಗೆ ಅರ್ಥವಾಗದೆ ಹೋದದ್ದು. ನಿಮ್ಮ ಸೀನಿಯರ್ ಆಫೀಸಿನಲ್ಲಿ ಯಾರಾದರೂ ಉಯಿಲು ಬರೆಸಲು ಬಂದಾಗ ಪಕ್ಕದಲ್ಲಿ ಕೂತುಕೊಳ್ಳಿ. ಯಾವ ಮಾತು ಸೇರಿಸಿದರು, ಯಾವುದು ಹೊಡೆದುಹಾಕಿದರು, ಸಾಕ್ಷಿಗಳನ್ನು ಯಾಕೆ ಕಾದು ಕೂರಿಸಿದರು ನೋಡಿ. ಅವತ್ತು ರಾತ್ರಿಯೇ ಮೂರನೇ ಅಧ್ಯಾಯ ತೆಗೆಯಿರಿ. ಅದು ಮುಗಿದ ಮೇಲೆ ಎರಡನೆಯದು, ಆಮೇಲೆ ಐದು ಮತ್ತು ಆರು. ಎಲ್ಲಾದರೂ ಸಿಕ್ಕಿಕೊಂಡರೆ ಆ ಪುಟದ ಸಂಖ್ಯೆ ಹಾಕಿ ಮತ್ತೆ ಬರೆಯಿರಿ.